ಬ್ಯಾಂಕುಗಳ ವಿಶ್ವ ಕಾವಲುಗಾರ: ರಾಶಿಯೊಳಗೆ ಕೈ ಹಾಕುವವರು ಯಾರು?

1974ರ ಜೂನ್ 26. ಜರ್ಮನಿಯ ಕಲೋನ್ ನಗರದ ಹರ್‌ಸ್ಟಾಟ್ ಎಂಬ ಬ್ಯಾಂಕನ್ನು ಅಲ್ಲಿನ ಅಧಿಕಾರಿಗಳು ಆ ದಿನದ ವ್ಯವಹಾರ ಮುಗಿಯುತ್ತಲೇ ಮುಚ್ಚಿಸಿದರು. ವಿದೇಶಿ ನಾಣ್ಯಗಳ ಜೂಜಿನಲ್ಲಿ ಅದು ದಿವಾಳಿಯೆದ್ದಿತ್ತು. ಆದರೆ ಜರ್ಮನಿಯಲ್ಲಿ ದಿನ ಮುಗಿದಾಗ ನ್ಯೂಯಾರ್ಕಿನಲ್ಲಿ ಇನ್ನೂ ಬೆಳಗಿನ ಹೊತ್ತು. ಹರ್‌ಸ್ಟಾಟ್‌ಗೆ ಜರ್ಮನ್ ಮಾರ್ಕ್ ಕೊಟ್ಟು, ಅದರ ಬದಲಿಗೆ ಬರಬೇಕಾಗಿದ್ದ ಡಾಲರಿಗಾಗಿ ಹಲವು ದೇಶಗಳ ಬ್ಯಾಂಕುಗಳು ಕಾದು ಕುಳಿತಿದ್ದವು. ಡಾಲರ್ ಬರಲಿಲ್ಲ. ಹಣಕ್ಕೆ ಗಡಿಯಿಲ್ಲ, ಆದರೆ ಕಾನೂನಿಗೆ ಗಡಿಯಿದೆ ಎಂಬ ಸತ್ಯ ಅಂದು ಶ್ರೀಮಂತ ದೇಶಗಳಿಗೆ ಸ್ಪಷ್ಟವಾಗಿ ಅರಿವಾಯಿತು.

ಅದೇ ವರ್ಷದ ಕೊನೆಗೆ ಹತ್ತು ಶ್ರೀಮಂತ ರಾಷ್ಟ್ರಗಳ ಗುಂಪಿನ ಕೇಂದ್ರ ಬ್ಯಾಂಕುಗಳ ಮುಖ್ಯಸ್ಥರು ಸೇರಿ ಒಂದು ಸಮಿತಿ ರಚಿಸಿದರು. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ 1930ರಿಂದಲೇ ಇದ್ದ ಅಂತಾರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನ ಆಶ್ರಯದಲ್ಲಿ ಸೇರುವ ಕಾರಣ ಅದು ಬಾಸೆಲ್ ಸಮಿತಿ ಎಂದೇ ಹೆಸರಾಯಿತು. ನಮ್ಮಲ್ಲಿ ಎಷ್ಟು ಮಂದಿ ಈ ಹೆಸರನ್ನು ಕೇಳಿದ್ದೇವೆ? ವಿಶ್ವಬ್ಯಾಂಕನ್ನು ನಾವು ಬೈದಿದ್ದೇವೆ. ಐಎಂಎಫ್ ವಿರುದ್ಧ ಘೋಷಣೆ ಕೂಗಿದ್ದೇವೆ. ವಿಶ್ವ ವಾಣಿಜ್ಯ ಸಂಸ್ಥೆಯ ಕುರಿತು ವಿಚಾರ ಸಂಕಿರಣ ನಡೆಸಿದ್ದೇವೆ. ಆದರೆ ನಮ್ಮೂರ ಬ್ಯಾಂಕು ಯಾರಿಗೆ ಕೊಡುವ ಸಾಲಕ್ಕೆ ಎಷ್ಟು ಸ್ವಂತ ಬಂಡವಾಳ ಇಟ್ಟಿರಬೇಕು ಎಂಬುದರ ಮೂಲ ಸೂತ್ರ ಬರೆಯುವ ಈ ಸಮಿತಿಯ ಬಗ್ಗೆ ಮಾತೇ ಆಡಿಲ್ಲ.

ಅಧಿಕಾರವಿಲ್ಲದ ಅಧಿಕಾರ

ಈ ಸಮಿತಿ ತನ್ನ ಬಗ್ಗೆ ಹೇಳಿಕೊಳ್ಳುವುದೇ ವಿಚಿತ್ರವಾಗಿದೆ. ತನಗೆ ದೇಶಗಳ ಮೇಲಿನ ಯಾವ ಔಪಚಾರಿಕ ಅಧಿಕಾರವೂ ಇಲ್ಲ, ತನ್ನ ತೀರ್ಮಾನಗಳಿಗೆ ಕಾನೂನಿನ ಬಲವಿಲ್ಲ ಎನ್ನುತ್ತದೆ. ಕಾಗದದ ಮೇಲೆ ಇದು ನಿಜ. ವಾಸ್ತವದಲ್ಲಿ 1988ರ ಮೊದಲ ಬಾಸೆಲ್ ಒಪ್ಪಂದವನ್ನು ಸಮಿತಿಯ ಸದಸ್ಯರಲ್ಲದ ಹತ್ತಾರು ದೇಶಗಳೂ ತಮ್ಮ ಕಾನೂನಾಗಿ ಮಾಡಿಕೊಂಡವು. ಅನುಸರಿಸದಿದ್ದರೆ ತಮ್ಮ ಬ್ಯಾಂಕುಗಳನ್ನು ಜಗತ್ತಿನ ಮಾರುಕಟ್ಟೆ ನಂಬುವುದಿಲ್ಲವೆಂಬ ಭಯ ಅವುಗಳಿಗಿತ್ತು. ಭಾರತವೂ 1992ರಿಂದ ಆ ದಾರಿ ಹಿಡಿಯಿತು. ಸಮಿತಿಯ ಮೇಜಿನಲ್ಲಿ ಭಾರತಕ್ಕೆ ಕುರ್ಚಿ ಸಿಕ್ಕಿದ್ದು 2009ರಲ್ಲಿ. ಅಂದರೆ ಹದಿನೇಳು ವರ್ಷಗಳ ಕಾಲ ನಾವು ಪಾಲಿಸಿದ ನಿಯಮಗಳನ್ನು ಬರೆಯುವಾಗ ನಮ್ಮನ್ನು ಯಾರೂ ಆ ಮೇಜಿಗೆ ಕರೆದಿರಲಿಲ್ಲ. ಆಫ್ರಿಕಾದ, ಏಷ್ಯಾದ ಎಷ್ಟೋ ಬಡ ರಾಷ್ಟ್ರಗಳಿಗೆ ಇಂದಿಗೂ ಅಲ್ಲಿ ಸ್ಥಾನವಿಲ್ಲ.

ಹಾಗೆಂದು ಇಂಥ ಸಂಸ್ಥೆಯೇ ಬೇಡ ಎನ್ನುವವರ ಸಾಲಿಗೆ ಸೇರಲು ಈ ಲೇಖಕ ಸಿದ್ಧನಿಲ್ಲ. ಯಾಕೆಂದರೆ ಮೇಲ್ವಿಚಾರಣೆಯಿಲ್ಲದ ಬ್ಯಾಂಕು ಏನು ಮಾಡಬಲ್ಲದು ಎಂಬುದರ ಅತಿ ಕಹಿಯಾದ ಉದಾಹರಣೆ ನಮ್ಮವರಿಂದಲೇ ಬಂದಿದೆ.

1972ರಲ್ಲಿ ಪಾಕಿಸ್ತಾನದ ಆಗಾ ಹಸನ್ ಆಬಿದಿ ಕಟ್ಟಿದ ಬ್ಯಾಂಕ್ ಆಫ್ ಕ್ರೆಡಿಟ್ ಆ್ಯಂಡ್ ಕಾಮರ್ಸ್ ಇಂಟರ್‌ನ್ಯಾಷನಲ್ ತನ್ನನ್ನು ಮೂರನೇ ಜಗತ್ತಿನ ಬ್ಯಾಂಕೆಂದು ಕರೆದುಕೊಂಡಿತು. ಮುಸ್ಲಿಮರ ಹೆಮ್ಮೆಯೆಂದು ಅನೇಕರು ಅದನ್ನು ನಂಬಿದರು. ಬ್ರಿಟನ್ನಿನ ಏಷ್ಯನ್ ಅಂಗಡಿಕಾರರು, ಕೊಲ್ಲಿ ದೇಶಗಳಲ್ಲಿ ಬೆವರು ಸುರಿಸಿದ ಕಾರ್ಮಿಕರು ತಮ್ಮ ಗಳಿಕೆಯನ್ನು ಅಲ್ಲಿಟ್ಟರು. ಬ್ಯಾಂಕಿನ ನೋಂದಣಿ ಲಕ್ಸೆಂಬರ್ಗ್ ಮತ್ತು ಕೇಮನ್ ದ್ವೀಪಗಳಲ್ಲಿ, ಕಾರ್ಯಾಲಯ ಲಂಡನ್ನಿನಲ್ಲಿ, ವ್ಯವಹಾರ ಸುಮಾರು ಎಪ್ಪತ್ತು ದೇಶಗಳಲ್ಲಿ. ಬಹಳ ಕಾಲ ಲೆಕ್ಕ ಪರಿಶೋಧಕರೂ ಎರಡು ಬೇರೆ ಬೇರೆ ಸಂಸ್ಥೆಯವರು. ಇಡೀ ಬ್ಯಾಂಕನ್ನು ಒಟ್ಟಾಗಿ ನೋಡುವ ಒಬ್ಬ ಮೇಲ್ವಿಚಾರಕನೂ ಇರಲಿಲ್ಲ. ಇದು ಆಕಸ್ಮಿಕವಲ್ಲ, ಆ ಬ್ಯಾಂಕನ್ನು ಕಟ್ಟಿದ ರೀತಿಯೇ ಹಾಗಿತ್ತು. 1991ರ ಜುಲೈ 5ರಂದು ಹಲವು ದೇಶಗಳ ಅಧಿಕಾರಿಗಳು ಒಟ್ಟಾಗಿ ಅದರ ಬಾಗಿಲು ಮುಚ್ಚಿಸಿದಾಗ, ವರ್ಷಗಳಿಂದ ಅಡಗಿಸಿಟ್ಟಿದ್ದ ನಷ್ಟ, ಸುಳ್ಳು ಸಾಲದ ಖಾತೆಗಳು, ಕಪ್ಪುಹಣದ ವ್ಯವಹಾರ ಎಲ್ಲವೂ ಬಯಲಾದವು. ಪಾಶ್ಚಾತ್ಯರು ಮುಸ್ಲಿಮ್ ಬ್ಯಾಂಕನ್ನು ಮುಗಿಸಿದರು ಎಂದು ಕೆಲವರು ಆಗ ಹೇಳಿದರು. ಠೇವಣಿದಾರರ ಹಣ ತಿಂದವರು ಒಳಗಿನವರೇ ಎಂಬುದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ನಮಗಿರಬೇಕು. ಅಷ್ಟು ವರ್ಷ ಕಣ್ಣುಮುಚ್ಚಿ ಕುಳಿತ ಲಂಡನ್ನಿನ ಮೇಲ್ವಿಚಾರಕರ ಹೊಣೆಯೂ ಅದರಿಂದ ಕಡಿಮೆಯಾಗುವುದಿಲ್ಲ.

ಈ ಪಾಠದಿಂದ 1992ರಲ್ಲಿ ಬಾಸೆಲ್ ಸಮಿತಿ ಒಂದು ನಿಯಮ ತಂದಿತು. ಗಡಿ ದಾಟಿ ವ್ಯವಹರಿಸುವ ಪ್ರತಿ ಬ್ಯಾಂಕನ್ನೂ ಅದರ ತಾಯ್ನೆಲದ ಒಬ್ಬ ಸಮರ್ಥ ಮೇಲ್ವಿಚಾರಕ ಒಟ್ಟಾಗಿ ನೋಡಲೇಬೇಕು, ಹಾಗಿಲ್ಲದ ಬ್ಯಾಂಕನ್ನು ಬೇರೆ ದೇಶ ತನ್ನೊಳಗೆ ಬಿಡದಿರಬಹುದು. ಇದು ಸರಿಯಾದ ನಿಯಮ. ಯಾರ ಕಣ್ಣಿಗೂ ಪೂರ್ತಿಯಾಗಿ ಬೀಳದೆ ಎಪ್ಪತ್ತು ದೇಶಗಳಲ್ಲಿ ವ್ಯಾಪಾರ ಮಾಡುವ ದಾರಿಯನ್ನು ಅದು ಮುಚ್ಚಿತು.

ತಕ್ಕಡಿಯೇ ವಾಲಿದರೆ?

ಹಾಗಾದರೆ ತಕರಾರು ಯಾವುದರ ಮೇಲೆ? ಕಾವಲುಗಾರನ ಕೈಯಲ್ಲಿರುವ ತಕ್ಕಡಿಯ ಮೇಲೆ.

ಬಾಸೆಲ್ ನಿಯಮದ ತಿರುಳು ಬಹಳ ಸರಳ. ಬ್ಯಾಂಕು ಸಾಲ ಕೊಡುವುದು ಹೆಚ್ಚಾಗಿ ಜನರ ಠೇವಣಿಯಿಂದ. ಸಾಲ ಮುಳುಗಿದರೆ ಠೇವಣಿದಾರ ಮುಳುಗಬಾರದು, ಬ್ಯಾಂಕಿನ ಮಾಲಕರ ಬಂಡವಾಳ ಮೊದಲು ಕರಗಬೇಕು. ಆದುದರಿಂದ ಅಪಾಯದ ಲೆಕ್ಕ ಹಾಕಿ ನೂರಕ್ಕೆ ಕನಿಷ್ಠ 8ರಷ್ಟು ಬಂಡವಾಳ ಇಟ್ಟುಕೊಳ್ಳಿ ಎಂದಿತು ಸಮಿತಿ. ನಮ್ಮ ರಿಸರ್ವ್ ಬ್ಯಾಂಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 9 ಎಂದಿತು. ತತ್ವದಲ್ಲಿ ಇದು ನ್ಯಾಯವೇ.

ಆದರೆ ಅಪಾಯದ ಲೆಕ್ಕ ಹಾಕುವವರು ಯಾರು? 2004ರ ಎರಡನೇ ಬಾಸೆಲ್ ಒಪ್ಪಂದದ ಪ್ರಕಾರ, ರೇಟಿಂಗ್ ಸಂಸ್ಥೆಗಳು ಅತ್ಯುತ್ತಮ ಅಂಕ ಕೊಟ್ಟ ದೊಡ್ಡ ಕಂಪೆನಿಗೆ ನೂರು ರೂಪಾಯಿ ಸಾಲ ಕೊಟ್ಟರೆ ಅದನ್ನು ಇಪ್ಪತ್ತು ರೂಪಾಯಿಯ ಅಪಾಯವೆಂದು ಲೆಕ್ಕ ಹಿಡಿಯಬೇಕು. ಸಣ್ಣ ವ್ಯಾಪಾರಿಗೆ ಅದೇ ನೂರು ಕೊಟ್ಟರೆ ಎಪ್ಪತ್ತೈದು. ಅಂದರೆ ಕಂಪೆನಿಯ ಸಾಲಕ್ಕೆ ಬ್ಯಾಂಕು ಇಡಬೇಕಾದ ಬಂಡವಾಳ ಒಂದು ರೂಪಾಯಿ ಅರವತ್ತು ಪೈಸೆ, ಸಣ್ಣ ವ್ಯಾಪಾರಿಯ ಸಾಲಕ್ಕೆ ಆರು ರೂಪಾಯಿ. ತನ್ನ ಸರಕಾರಕ್ಕೆ ಅದರದೇ ನಾಣ್ಯದಲ್ಲಿ ಸಾಲ ಕೊಟ್ಟರೆ ಸೊನ್ನೆ ಎಂದು ಹಿಡಿಯಲು ಅವಕಾಶವಿದೆ. ಬ್ಯಾಂಕಿನ ಮ್ಯಾನೇಜರನಿಗೆ ಬಡವರ ಮೇಲೆ ದ್ವೇಷ ಇರಬೇಕಾಗಿಲ್ಲ. ಲೆಕ್ಕದ ಪುಸ್ತಕವೇ ಅವನ ಮುಖವನ್ನು ದೊಡ್ಡವರ ಕಡೆಗೆ ತಿರುಗಿಸುತ್ತದೆ. ಯುರೋಪಿಯನ್ ಒಕ್ಕೂಟ 2014ರಿಂದ ಸಣ್ಣ ಉದ್ದಿಮೆಗಳ ಸಾಲಕ್ಕೆ ವಿಶೇಷ ರಿಯಾಯಿತಿ ಕೊಟ್ಟದ್ದೇ ಈ ತಕ್ಕಡಿ ವಾಲಿದೆ ಎಂಬುದಕ್ಕೆ ಸಾಕ್ಷಿ.

ಇನ್ನೂ ದೊಡ್ಡ ದೋಷವೆಂದರೆ, ತಮ್ಮ ಅಪಾಯವನ್ನು ತಾವೇ ತೂಗಿಕೊಳ್ಳುವ ಅವಕಾಶವನ್ನು ಎರಡನೇ ಒಪ್ಪಂದ ದೊಡ್ಡ ಬ್ಯಾಂಕುಗಳಿಗೆ ಕೊಟ್ಟಿತು. ಬ್ರಿಟನ್ನಿನ ನಾರ್ದರ್ನ್ ರಾಕ್ ಎಂಬ ಬ್ಯಾಂಕು ಈ ಸ್ವಂತ ತೂಕಕ್ಕೆ ಅನುಮತಿ ಪಡೆಯಿತು. ಹೊಸ ಲೆಕ್ಕದಲ್ಲಿ ಅದರ ಬಂಡವಾಳ ಅಗತ್ಯಕ್ಕಿಂತ ಹೆಚ್ಚು ಎಂದು ಕಂಡಿತು. 2007ರ ಜುಲೈಯಲ್ಲಿ ಷೇರುದಾರರಿಗೆ ಹೆಚ್ಚು ಲಾಭಾಂಶ ಘೋಷಿಸಿತು. ಸಪ್ಟೆಂಬರಿನಲ್ಲಿ ಅದರ ಶಾಖೆಗಳ ಮುಂದೆ ಠೇವಣಿದಾರರ ಉದ್ದನೆಯ ಸಾಲು! ಮಾರನೆಯ ವರ್ಷ ಸರಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು.

ಪ್ರವಾದಿವರ್ಯರು(ಸ) ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ನಿಂತು ಅದರೊಳಗೆ ಕೈ ಹಾಕಿದ ಘಟನೆ ನಮಗೆಲ್ಲ ಗೊತ್ತು. ಮೇಲ್ಗಡೆ ಧಾನ್ಯ ಒಣಗಿತ್ತು, ಒಳಗೆ ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂದು ಅವರು ವ್ಯಾಪಾರಿಗೆ ಬುದ್ಧಿ ಹೇಳಿದರು. ಮೇಲ್ವಿಚಾರಣೆ ಎಂಬುದರ ಸಾರ ಇಷ್ಟೇ. ನಾರ್ದರ್ನ್ ರಾಕ್‌ನ ಮೇಲ್ವಿಚಾರಕರು ರಾಶಿಯ ಮೇಲ್ಪದರ ನೋಡಿ ಒಣಗಿದೆ ಎಂದು ಷರಾ ಬರೆದರು. ಅಷ್ಟೇ ಅಲ್ಲ, ಯಾವುದು ಒಣಗಿದೆ ಎಂದು ಹೇಳುವ ಕೆಲಸವನ್ನೂ ವ್ಯಾಪಾರಿಗೇ ಬಿಟ್ಟರು.

ಸೈಪ್ರಸ್‌ನ ಸೊನ್ನೆ

ಸೊನ್ನೆಯ ಕಥೆಗೆ ಬರೋಣ. ಯುರೋಪಿನಲ್ಲಿ ಯೂರೋ ಬಳಸುವ ಯಾವುದೇ ದೇಶದ ಸರಕಾರಿ ಸಾಲಪತ್ರ ಕೊಂಡರೂ ಅಪಾಯ ಸೊನ್ನೆ ಎಂಬ ನಿಯಮವಿತ್ತು. ಸೈಪ್ರಸ್ ಎಂಬ ಪುಟ್ಟ ದ್ವೀಪದ ಎರಡು ದೊಡ್ಡ ಬ್ಯಾಂಕುಗಳು ಗ್ರೀಸಿನ ಸಾಲಪತ್ರಗಳನ್ನು ರಾಶಿ ರಾಶಿಯಾಗಿ ಕೊಂಡವು. ಬಡ್ಡಿ ಹೆಚ್ಚು, ಅಪಾಯ ಸೊನ್ನೆ, ಇನ್ನೇನು ಬೇಕು? 2012ರಲ್ಲಿ ಗ್ರೀಸಿನ ಸಾಲವನ್ನು ಮರುಹೊಂದಿಸಿದಾಗ ಖಾಸಗಿ ಸಾಲದಾತರು ಮುಖಬೆಲೆಯ ಶೇ. 53.5ನ್ನು ಬಿಟ್ಟುಕೊಡಬೇಕಾಯಿತು. ಸೈಪ್ರಸ್‌ನ ಬ್ಯಾಂಕುಗಳು 400 ಕೋಟಿ ಯೂರೋಗಿಂತಲೂ ಹೆಚ್ಚು ಕಳೆದುಕೊಂಡವು. ಸೊನ್ನೆ ಅಪಾಯದ ಬೆಲೆ ಅದು!

2013ರ ಮಾರ್ಚ್ 16ರ ಮುಂಜಾನೆ, ಯೂರೋ ದೇಶಗಳ ಹಣಕಾಸು ಮಂತ್ರಿಗಳ ರಾತ್ರಿಯಿಡೀ ನಡೆದ ಸಭೆಯಿಂದ ತೀರ್ಮಾನ ಹೊರಬಿತ್ತು. ಸೈಪ್ರಸ್‌ನ ಪ್ರತಿ ಠೇವಣಿಯಿಂದಲೂ ಹಣ ಕಡಿತ. ಒಂದು ಲಕ್ಷ ಯೂರೋವರೆಗಿನ ಠೇವಣಿಗೆ ಶೇ. 6.75, ಅದಕ್ಕಿಂತ ಮೇಲಿನದಕ್ಕೆ ಶೇ. 9.9. ಒಂದು ಲಕ್ಷದವರೆಗಿನ ಠೇವಣಿ ಸುರಕ್ಷಿತ ಎಂದು ಯುರೋಪಿನ ಕಾನೂನೇ ಮಾತು ಕೊಟ್ಟಿತ್ತು. ಮಾರ್ಚ್ 19ರಂದು ಸೈಪ್ರಸ್ ಸಂಸತ್ತು ಇದನ್ನು ತಿರಸ್ಕರಿಸಿತು. ಪರವಾಗಿ ಒಂದೇ ಒಂದು ಮತ ಬೀಳಲಿಲ್ಲ. ಆಗ ಯುರೋಪಿಯನ್ ಕೇಂದ್ರ ಬ್ಯಾಂಕು, ಮಾರ್ಚ್ 25ರೊಳಗೆ ಒಪ್ಪಂದವಾಗದಿದ್ದರೆ ತುರ್ತು ಹಣ ನಿಲ್ಲಿಸುವುದಾಗಿ ಎಚ್ಚರಿಸಿತು. ಕೊನೆಗೆ ಸಣ್ಣ ಠೇವಣಿಗಳು ಉಳಿದುಕೊಂಡವು. ಒಂದು ಬ್ಯಾಂಕು ಮುಚ್ಚಿತು. ಇನ್ನೊಂದರಲ್ಲಿ ಒಂದು ಲಕ್ಷದ ಮೇಲಿನ ಠೇವಣಿಯ ಶೇ. 47.5 ಭಾಗ ಷೇರಾಗಿ ಮಾರ್ಪಟ್ಟಿತು. ಎರಡು ವಾರಗಳ ಕಾಲ ದೇಶದ ಬ್ಯಾಂಕುಗಳೇ ಬಾಗಿಲು ತೆರೆಯಲಿಲ್ಲ.

ವಿಪರ್ಯಾಸವೆಂದರೆ, ಎರಡು ವರ್ಷಗಳ ಹಿಂದೆ, 2011ರ ಜುಲೈಯಲ್ಲಿ ಯುರೋಪಿನ ಬ್ಯಾಂಕಿಂಗ್ ಪ್ರಾಧಿಕಾರ ನಡೆಸಿದ ಪರೀಕ್ಷೆಯಲ್ಲಿ ಈ ಎರಡೂ ಬ್ಯಾಂಕುಗಳು ಉತ್ತೀರ್ಣವಾಗಿದ್ದವು. ಅದೇ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಡೆಕ್ಸಿಯಾ ಎಂಬ ಬ್ಯಾಂಕು ಮೂರೇ ತಿಂಗಳಲ್ಲಿ ಕುಸಿದು ಫ್ರಾನ್ಸ್ ಮತ್ತು ಬೆಲ್ಜಿಯಂ ಸರಕಾರಗಳ ಮಡಿಲಿಗೆ ಬಿತ್ತು.

ಫ್ರಾಂಕ್‌ಫರ್ಟ್‌ನ ಹೊಸ ಕಾವಲುಗಾರ

ಈ ಅವಮಾನಗಳ ನಂತರ ಯುರೋಪ್ ಒಂದು ದೊಡ್ಡ ಹೆಜ್ಜೆಯಿಟ್ಟಿತು. 2014ರ ನವೆಂಬರ್ 4ರಿಂದ ಯೂರೋ ದೇಶಗಳ ಸುಮಾರು 120 ದೊಡ್ಡ ಬ್ಯಾಂಕುಗಳ ನೇರ ಮೇಲ್ವಿಚಾರಣೆಯನ್ನು ಫ್ರಾಂಕ್‌ಫರ್ಟ್‌ನ ಯುರೋಪಿಯನ್ ಕೇಂದ್ರ ಬ್ಯಾಂಕಿಗೆ ಒಪ್ಪಿಸಲಾಯಿತು. ಬಾಸೆಲ್ ಸಮಿತಿ ಸಲಹೆಯಷ್ಟೇ ಕೊಡುತ್ತದೆ. ಇದು ಹಾಗಲ್ಲ. ಪರವಾನಗಿ ರದ್ದು ಮಾಡುವ, ದಂಡ ಹಾಕುವ, ಒಂದು ಬ್ಯಾಂಕು ಬದುಕಲಾರದು ಎಂದು ಘೋಷಿಸುವ ಅಧಿಕಾರ ಇದಕ್ಕಿದೆ. ದೇಶಗಳನ್ನು ಮೀರಿದ ಬ್ಯಾಂಕ್ ಮೇಲ್ವಿಚಾರಕ ಎಂಬ ಮಾತಿಗೆ ನಿಜವಾದ ಅರ್ಥ ಬಂದದ್ದು ಇಲ್ಲಿಯೇ.

ಅದರ ಸಾಧನೆಯನ್ನು ಅಲ್ಲಗಳೆಯುವಂತಿಲ್ಲ. ಕೆಲಸ ಆರಂಭವಾದಾಗ ಆ ಬ್ಯಾಂಕುಗಳಲ್ಲಿ ಸುಮಾರು ಒಂದು ಲಕ್ಷ ಕೋಟಿ ಯೂರೋಗಳಷ್ಟಿದ್ದ ಮರುಪಾವತಿಯಾಗದ ಸಾಲ, ಮುಂದಿನ ಎಂಟು ವರ್ಷಗಳಲ್ಲಿ ಅದರ ಮೂರನೇ ಒಂದರ ಆಸುಪಾಸಿಗೆ ಇಳಿಯಿತು. ತನ್ನ ದೇಶದ ಬ್ಯಾಂಕೆಂಬ ಮಮತೆಯಿಂದ ಸ್ಥಳೀಯ ಅಧಿಕಾರಿಗಳು ಮುಚ್ಚಿಡುತ್ತಿದ್ದುದನ್ನು ಹೊರಗಿನವರು ಬಯಲಿಗೆಳೆದರು. ರಾಶಿಯೊಳಗೆ ಕೈ ಹಾಕುವ ಕೆಲಸ ಸ್ವಲ್ಪಮಟ್ಟಿಗೆ ಆಯಿತು ಎನ್ನಬೇಕು.

ಆದರೆ ನ್ಯಾಯವೆಂದರೆ ಎಲ್ಲರಿಗೂ ಒಂದೇ ಅಳತೆ. 2017ರ ಜೂನ್ ತಿಂಗಳನ್ನು ನೋಡಿ. ಜೂನ್ 6ರಂದು ಸ್ಪೇನಿನ ಬಾಂಕೋ ಪಾಪ್ಯುಲರ್ ಬದುಕಲಾರದು ಎಂದು ಕೇಂದ್ರ ಬ್ಯಾಂಕು ಘೋಷಿಸಿತು. ಬೆಳಗಾಗುವಷ್ಟರಲ್ಲಿ ಅದನ್ನು ಒಂದು ಯೂರೋಗೆ ಸಾಂಟಾಂಡೆರ್ ಬ್ಯಾಂಕಿಗೆ ಮಾರಲಾಯಿತು. ಷೇರುದಾರರ ಹಣ ಪೂರ್ತಿ ಹೋಯಿತು, ಸರಕಾರದ ಬೊಕ್ಕಸದಿಂದ ಚಿಕ್ಕಾಸೂ ಖರ್ಚಾಗಲಿಲ್ಲ. ಹೊಸ ನಿಯಮದ ಗೆಲುವು ಎಂದು ಎಲ್ಲರೂ ಕೊಂಡಾಡಿದರು. ಮೂರು ವಾರವೂ ಕಳೆದಿರಲಿಲ್ಲ, ಇಟಲಿಯ ವೆನೆಟೋ ಪ್ರಾಂತದ ಎರಡು ಬ್ಯಾಂಕುಗಳು ಬಿದ್ದವು. ಈ ಬಾರಿ, ಇವು ಯುರೋಪ್ ಮಟ್ಟದಲ್ಲಿ ನಿಭಾಯಿಸುವಷ್ಟು ಮಹತ್ವದವಲ್ಲ ಎನ್ನಲಾಯಿತು. ಇಟಲಿ ಸರಕಾರ ಸುಮಾರು 480 ಕೋಟಿ ಯೂರೋ ನಗದು ಮತ್ತು 1,200 ಕೋಟಿ ಯೂರೋವರೆಗಿನ ಖಾತರಿ ಕೊಟ್ಟಿತು. ಅವುಗಳ ಒಳ್ಳೆಯ ಭಾಗವನ್ನು ಇನ್ನೊಂದು ದೊಡ್ಡ ಬ್ಯಾಂಕಿಗೆ ಒಂದು ಯೂರೋಗೆ ವಹಿಸಿಕೊಟ್ಟಿತು. ಕೇಂದ್ರ ಬ್ಯಾಂಕಿನ ನೇರ ಮೇಲ್ವಿಚಾರಣೆಯಲ್ಲಿ ಇರುವಷ್ಟು ದೊಡ್ಡದು, ಆದರೆ ಮುಳುಗುವಾಗ ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ್ದಲ್ಲ! ಒಂದೇ ತಿಂಗಳಲ್ಲಿ ಎರಡು ಅಳತೆ.

ಇಟಲಿ ಸರಕಾರದ ಅಳುಕಿಗೆ ಒಂದು ಕಾರಣವಿತ್ತು ಎಂಬುದನ್ನೂ ಹೇಳಬೇಕು. 2015ರ ನವೆಂಬರಿನಲ್ಲಿ ಅಲ್ಲಿನ ನಾಲ್ಕು ಸಣ್ಣ ಬ್ಯಾಂಕುಗಳನ್ನು ಹೊಸ ನಿಯಮದ ನೆರಳಿನಲ್ಲಿ ಇತ್ಯರ್ಥ ಮಾಡಿದಾಗ ಸಾವಿರಾರು ಸಾಮಾನ್ಯ ಕುಟುಂಬಗಳ ಉಳಿತಾಯ ಒಂದು ರಾತ್ರಿಯಲ್ಲಿ ಇಲ್ಲವಾಗಿತ್ತು. ಠೇವಣಿಯಿಡಲು ಹೋದವರಿಗೆ ಅದೇ ಬ್ಯಾಂಕಿನ ಕೌಂಟರಿನಲ್ಲಿ ಹೆಚ್ಚು ಬಡ್ಡಿಯ ಆಸೆ ತೋರಿಸಿ, ನಷ್ಟವಾದರೆ ಮೊದಲು ಕರಗುವ ಸಾಲಪತ್ರಗಳನ್ನು ಮಾರಲಾಗಿತ್ತು. ನಷ್ಟವನ್ನು ತೆರಿಗೆದಾರ ಹೊರಬಾರದು, ಹಣ ಹೂಡಿದವರೇ ಹೊರಬೇಕು ಎಂಬ ತತ್ವ ಕೇಳಲು ಸೊಗಸಾಗಿದೆ. ಹೂಡಿದವನು ತಿಳಿದು ಹೂಡಿದ್ದಾನೆಯೇ ಎಂದು ಮೊದಲೇ ನೋಡದಿದ್ದರೆ ಆ ತತ್ವವೇ ಅನ್ಯಾಯದ ಆಯುಧವಾಗುತ್ತದೆ.

ಇನ್ನು ಉತ್ತರದಾಯಿತ್ವದ ಪ್ರಶ್ನೆ. ಬಡ್ಡಿದರ ನಿಗದಿಪಡಿಸುವ ಕೇಂದ್ರ ಬ್ಯಾಂಕಿಗೆ ರಾಜಕೀಯದಿಂದ ಸ್ವಾತಂತ್ರ್ಯ ಬೇಕು ಎಂಬ ವಾದವಿದೆ. ಅದೇ ಸ್ವಾತಂತ್ರ್ಯದ ಕೊಡೆಯ ಅಡಿಯಲ್ಲಿ ಮೇಲ್ವಿಚಾರಣೆಯೂ ನಿಂತಿತು. ಯುರೋಪಿನ ಲೆಕ್ಕ ಪರಿಶೋಧನಾ ನ್ಯಾಯಾಲಯವೇ 2016ರ ವರದಿಯಲ್ಲಿ, ತನಗೆ ಬೇಕಾದ ದಾಖಲೆಗಳನ್ನು ಕೇಂದ್ರ ಬ್ಯಾಂಕು ಕೊಡಲಿಲ್ಲ ಎಂದು ದೂರಿತು. ಇಬ್ಬರ ನಡುವೆ ಒಂದು ಒಪ್ಪಂದವಾಗಲು 2019 ಬರಬೇಕಾಯಿತು. ಲೆಕ್ಕ ತಪಾಸಿಸುವ ಸಂಸ್ಥೆಗೇ ಬಾಗಿಲು ತೆರೆಯದವರು ಉಳಿತಾಯ ಕಳೆದುಕೊಂಡ ಮುದುಕಿಗೆ ತೆರೆದಾರೆಯೇ? ಎಲ್ಲ ದೇಶಗಳ ಠೇವಣಿಗೂ ಒಂದೇ ವಿಮೆ ಎಂಬ ಪ್ರಸ್ತಾಪ 2015ರಲ್ಲಿ ಬಂದರೂ ಇನ್ನೂ ಜಾರಿಗೆ ಬಂದಿಲ್ಲ. ಕಾವಲುಗಾರ ಒಕ್ಕೂಟಕ್ಕೆ ಸೇರಿದವನು, ಕಳವಾದರೆ ನಷ್ಟ ಆಯಾ ಮನೆಯವರದು.

ನಮ್ಮ ಅಂಗಳಕ್ಕೆ ಬಂದಾಗ

ಇದೆಲ್ಲ ಯುರೋಪಿನ ಮಾತು, ನಮಗೇನು ಎಂದು ಕೇಳಬಹುದು. 2010ರ ಮೂರನೇ ಬಾಸೆಲ್ ಒಪ್ಪಂದ 2013ರ ಎಪ್ರಿಲ್ 1ರಿಂದ ಭಾರತದಲ್ಲಿ ಜಾರಿಗೆ ಬಂತು. ಬಂಡವಾಳ ಹೆಚ್ಚಿಸಿಕೊಳ್ಳಲು ಬ್ಯಾಂಕುಗಳು ಒಂದು ಹೊಸ ಬಗೆಯ ಸಾಲಪತ್ರ ಮಾರಿದವು. ಬ್ಯಾಂಕು ಕುಸಿದರೆ ಆ ಪತ್ರದ ಬೆಲೆ ಸೊನ್ನೆ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಕುಸಿದಾಗ ಇಂತಹ 8,415 ಕೋಟಿ ರೂಪಾಯಿಯ ಪತ್ರಗಳು ರದ್ದಾದವು. ಷೇರುದಾರರಿಗೆ ಏನಾದರೂ ಉಳಿಯಿತು, ಸಾಲ ಕೊಟ್ಟವರಿಗೆ ಏನೂ ಇಲ್ಲ. ಕಳೆದುಕೊಂಡವರಲ್ಲಿ, ಇದು ಠೇವಣಿಯಂತೆಯೇ ಎಂಬ ಭರವಸೆಯಲ್ಲಿ ಹಣ ಹಾಕಿದ ನಿವೃತ್ತರೂ ಇದ್ದರು. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಈ ರದ್ದತಿಯನ್ನು ತಳ್ಳಿಹಾಕಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಇಟಲಿಯ ಕೌಂಟರಿನ ಕಥೆಯೇ ಇಲ್ಲಿ ಬೇರೆ ಭಾಷೆಯಲ್ಲಿ ನಡೆದಿತ್ತು.

ಕರಾವಳಿಯ ಕಥೆ ಇನ್ನೂ ಹತ್ತಿರದ್ದು. 1906ರಲ್ಲಿ ಉಡುಪಿಯಲ್ಲಿ ಖಾನ್ ಬಹಾದೂರ್ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಸಂಸ್ಥೆ ಕಾರ್ಪೊರೇಶನ್ ಬ್ಯಾಂಕಾಗಿ ಬೆಳೆಯಿತು. 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಪಿಗ್ಮಿ ಸಂಗ್ರಹಿಸಲು ಬರುವವನು ದಿನವೂ ಅಂಗಡಿಯ ಮುಂದೆ ನಿಲ್ಲುತ್ತಿದ್ದ. ಯಾರ ವ್ಯಾಪಾರ ನಡೆಯುತ್ತಿದೆ, ಯಾರು ಕಷ್ಟದಲ್ಲಿದ್ದಾರೆ ಎಂದು ಅವನಿಗೆ ಗೊತ್ತಿತ್ತು. ಆ ತಿಳಿವಳಿಕೆಗೆ ಬಾಸೆಲ್ ಕೋಷ್ಟಕದಲ್ಲಿ ಅಂಕಣವಿಲ್ಲ. ದೊಡ್ಡ ಉದ್ಯಮಿಗಳ ಸಾಲ ಮುಳುಗಿ ಬಂಡವಾಳ ಕರಗಿದಾಗ, ಬಾಸೆಲ್ ಮಟ್ಟ ಕಾಯ್ದುಕೊಳ್ಳಲು ಕೇಂದ್ರ ಸರಕಾರ 2017ರ ಅಕ್ಟೋಬರಿನಲ್ಲಿ ಸರಕಾರಿ ಬ್ಯಾಂಕುಗಳಿಗೆ 2.11 ಲಕ್ಷ ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ನಂತರ ವಿಲೀನ. 2019ರ ಎಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮಾರನೆಯ ವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಕರಗಿದವು. ಇದಕ್ಕೆಲ್ಲ ಬಾಸೆಲ್ ಒಂದೇ ಕಾರಣ ಎನ್ನುವುದು ಅತಿರೇಕ. ದೆಹಲಿಯ ನಿರ್ಧಾರ ದೆಹಲಿಯದ್ದೇ. ಆದರೆ ದೊಡ್ಡದಾದದ್ದೇ ಗಟ್ಟಿ ಎಂಬ ನಂಬಿಕೆಯನ್ನು ಈ ಲೆಕ್ಕಾಚಾರ ಪೋಷಿಸಿತು ಎಂಬುದನ್ನು ಮರೆಯುವಂತಿಲ್ಲ.

ಆ ನಂಬಿಕೆ ಎಷ್ಟು ಟೊಳ್ಳು ಎಂಬುದು ಬಾಸೆಲ್‌ನ ತವರಿನಲ್ಲೇ ತಿಳಿಯಿತು. 2022ರ ಕೊನೆಗೆ ಸ್ವಿಟ್ಜರ್‌ಲ್ಯಾಂಡಿನ ಕ್ರೆಡಿಟ್ ಸ್ವೀಸ್ ಬ್ಯಾಂಕಿನ ಪ್ರಮುಖ ಬಂಡವಾಳದ ಪ್ರಮಾಣ ಶೇ. 14.1. ನಿಯಮ ಕೇಳುವುದಕ್ಕಿಂತ ಹೆಚ್ಚು. 2023ರ ಮಾರ್ಚ್‌ನಲ್ಲಿ ಜನರ ವಿಶ್ವಾಸ ಹೋಯಿತು, ಬ್ಯಾಂಕೂ ಹೋಯಿತು. ರಾಶಿಯ ಮೇಲ್ಪದರ ಕೊನೆಯ ದಿನದವರೆಗೂ ಒಣಗಿಯೇ ಇತ್ತು!

ಬಲಿಷ್ಠರ ಮುಂದೆ ನಿಯಮ ಎಷ್ಟು ಬಾಗುತ್ತದೆ ಎಂಬುದನ್ನು ಅಮೆರಿಕ ತೋರಿಸಿತು. 2017ರಲ್ಲಿ ಅಂತಿಮಗೊಂಡ ಬಾಸೆಲ್ ನಿಯಮಗಳನ್ನು ತರಲು ಅಲ್ಲಿನ ಮೇಲ್ವಿಚಾರಕರು 2023ರಲ್ಲಿ ಹೊರಟಾಗ ದೊಡ್ಡ ಬ್ಯಾಂಕುಗಳು ಜಾಹೀರಾತು ಕೊಟ್ಟು ವಿರೋಧಿಸಿದವು. 2024ರ ಸಪ್ಟೆಂಬರಿನಲ್ಲಿ, ಪ್ರಸ್ತಾಪಿಸಿದ್ದ ಬಂಡವಾಳದ ಏರಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸುವುದಾಗಿ ಮೇಲ್ವಿಚಾರಕರೇ ಹೇಳಬೇಕಾಯಿತು. ಬಡ ದೇಶವೊಂದು ಹೀಗೆ ಚೌಕಾಶಿ ಮಾಡಿದ್ದರೆ ಮಾರುಕಟ್ಟೆ ಬಿಡುತ್ತಿತ್ತೇ?

ನಮ್ಮ ಮನೆಯ ಕನ್ನಡಿ

ಇಷ್ಟು ಹೇಳಿದ ಮೇಲೆ ಇಸ್ಲಾಮೀ ಬ್ಯಾಂಕಿಂಗಿನ ಕಡೆಗೂ ನೋಡದಿದ್ದರೆ ಅನ್ಯಾಯವಾದೀತು. 2002ರಲ್ಲಿ ಕೌಲಾಲಂಪುರದಲ್ಲಿ ಇಸ್ಲಾಮೀ ಹಣಕಾಸು ಸೇವೆಗಳ ಮಂಡಳಿ ಸ್ಥಾಪನೆಯಾಯಿತು. ಬಡ್ಡಿರಹಿತ ಬ್ಯಾಂಕುಗಳಿಗೆ ಇದು ಬಾಸೆಲ್ ಇದ್ದಂತೆ. ಬಡ್ಡಿಗೆ ಪರ್ಯಾಯವಾಗಿ ಇಸ್ಲಾಮ್ ಮುಂದಿಡುವ ತತ್ವ ಲಾಭ ನಷ್ಟಗಳ ಪಾಲುಗಾರಿಕೆ. ಆದರೆ 2005ರಲ್ಲಿ ಈ ಮಂಡಳಿ ಹೊರಡಿಸಿದ ಬಂಡವಾಳದ ಮಾನದಂಡದಲ್ಲಿ, ಮುಶಾರಕ ಎಂಬ ಪಾಲುಗಾರಿಕೆಯ ಹೂಡಿಕೆಗೆ ಸರಳ ಲೆಕ್ಕದಲ್ಲಿ ಶೇ. 400ರವರೆಗೆ ಅಪಾಯದ ತೂಕ ಹಾಕಲಾಯಿತು. ಸಾಲವನ್ನೇ ಹೋಲುವ ಮುರಾಬಹದಂತಹ ಮಾರಾಟಕ್ಕೆ ಅದರ ಒಂದು ಸಣ್ಣ ಪಾಲು. ಬಾಸೆಲ್‌ನ ತಕ್ಕಡಿಯನ್ನೇ ತಂದು ಅದಕ್ಕೆ ಅರಬಿ ಹೆಸರಿಟ್ಟಂತಾಯಿತು. ಹೀಗಿರುವಾಗ ಇಸ್ಲಾಮೀ ಬ್ಯಾಂಕುಗಳು ಪಾಲುಗಾರಿಕೆ ಬಿಟ್ಟು ಮುರಾಬಹದ ಹಿಂದೆ ಏಕೆ ಹೋಗುತ್ತವೆ ಎಂದು ಅಚ್ಚರಿಪಡಬೇಕಾಗಿಲ್ಲ. ಪಾಲುಗಾರಿಕೆಯಲ್ಲಿ ಅಪಾಯವಿಲ್ಲ ಎಂದು ವಾದಿಸುತ್ತಿಲ್ಲ. ಅಪಾಯ ಹಂಚಿಕೊಳ್ಳುವವನಿಗೆ ದಂಡ, ಎಲ್ಲ ಅಪಾಯವನ್ನೂ ಸಾಲಗಾರನ ತಲೆಗೆ ಕಟ್ಟುವವನಿಗೆ ರಿಯಾಯಿತಿ ಎಂಬ ಲೆಕ್ಕವನ್ನು ನಾವಾದರೂ ಪ್ರಶ್ನಿಸಬೇಕಿತ್ತಲ್ಲ?

ಇಸ್ಲಾಮೀ ಇತಿಹಾಸದಲ್ಲಿ ಮುಹ್ತಸಿಬ್ ಎಂಬ ಹುದ್ದೆಯಿತ್ತು. ಆತ ಮಾರುಕಟ್ಟೆಯ ಮೇಲ್ವಿಚಾರಕ. ತೂಕದ ಕಲ್ಲು, ಅಳತೆಯ ಸೇರು, ನಾಣ್ಯದ ಶುದ್ಧತೆ ಎಲ್ಲವನ್ನೂ ಪರೀಕ್ಷಿಸುತ್ತಿದ್ದ. ಅವನು ಜನರ ನಡುವೆಯೇ ನಡೆದಾಡುತ್ತಿದ್ದುದರಿಂದ ಮೋಸಹೋದವನು ಅವನ ಅಂಗಿ ಹಿಡಿದು ನಿಲ್ಲಿಸಬಹುದಿತ್ತು. ಮುಹ್ತಸಿಬರೆಲ್ಲ ಸತ್ಯವಂತರಾಗಿದ್ದರು ಎಂದಲ್ಲ, ಲಂಚ ತಿಂದವರೂ ಇದ್ದರು. ಆದರೆ ದೂರು ಯಾರ ಬಳಿ ಕೊಂಡೊಯ್ಯಬೇಕೆಂದು ಜನರಿಗೆ ಗೊತ್ತಿತ್ತು.

ಹಣ ಗಡಿ ದಾಟಿರುವಾಗ ಕಾವಲುಗಾರನೂ ಗಡಿ ದಾಟಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಸಣ್ಣವನಿಗೂ ದೊಡ್ಡವನಿಗೂ, ಸ್ಪೇನಿಗೂ ಇಟಲಿಗೂ, ಬಡ ದೇಶಕ್ಕೂ ಅಮೆರಿಕಕ್ಕೂ ಒಂದೇ ಕಲ್ಲಿನಲ್ಲಿ ತೂಗಬೇಕು. ತೂಕದ ಕಲ್ಲು ಕೆತ್ತುವಾಗ, ಅದರಿಂದ ತೂಗಿಸಿಕೊಳ್ಳುವವರನ್ನೂ ಕರೆಯಬೇಕು. ಕೌಂಟರಿನಲ್ಲಿ ಮಾರುವ ಕಾಗದ ಏನೆಂಬುದನ್ನು ಬ್ಯಾಂಕು ಬಿದ್ದ ಮೇಲೆ ಅಲ್ಲ, ಮಾರುವ ಮೊದಲೇ ನೋಡಬೇಕು. ತಾನು ತಪ್ಪಿದಾಗ ಯಾರಿಗೆ ಉತ್ತರ ಕೊಡುತ್ತೇನೆ ಎಂದು ಹೇಳಬೇಕು. ಇಲ್ಲದಿದ್ದರೆ ಅವನು ಕಾಯುವುದು ಬ್ಯಾಂಕನ್ನು, ಬ್ಯಾಂಕಿನಲ್ಲಿ ಹಣವಿಟ್ಟವನನ್ನಲ್ಲ.